ನೀರಿಗೆ ನಿಂತ ಹೆಸರು

ನಮ್ಮೂರಿನಲ್ಲಿ ಪಾತ್ರೆಗೆ ಹೆಸರು ಹಾಕಿಸಿದವರು ಅದನ್ನು ಹಾಗೇ ಮನೆಗೆ ಒಯ್ಯುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಮಣ್ಣಿನ ಹರವಿ ಇರುತ್ತದೆ. ಅದರಿಂದ ಒಂದು ಚರಿಗೆ ನೀರು ಮೊಗೆದು ಹೊಸದಾಗಿ ಕೊರೆದ ಅಕ್ಷರಗಳ ಮೇಲೆ ಸುರಿಯಬೇಕು. ಇದಕ್ಕೆ ಹೆಸರಿಗೆ ನೀರು ಕೊಡುವುದು ಎನ್ನುತ್ತೇವೆ. ಹೆಸರು ಖರೆಯದಾದರೆ ನಿಲ್ಲುತ್ತದೆ. ಅಲ್ಲದಿದ್ದರೆ ನೀರಿನ ಜೊತೆ ಹೋಗುತ್ತದೆ. ಕೊರೆದ ಒಂದೊಂದು ಚುಕ್ಕಿಯೂ ತಾನಾಗಿ ತುಂಬಿಕೊಳ್ಳುತ್ತದೆ; ಹಿಟ್ಟಿನ ಮೇಲೆ ಬರೆದದ್ದನ್ನು ಅಂಗೈಯಿಂದ ಸವರಿದ ಹಾಗೆ ಹಿತ್ತಾಳೆ ನುಣ್ಣಗಾಗುತ್ತದೆ. ನಾನು ನಲವತ್ತು ವರ್ಷದಿಂದ ಇದನ್ನು ನೋಡುತ್ತಿದ್ದೇನೆ. ಇವತ್ತಿಗೂ ನೀರು ಸುರಿಯುವಾಗ ಉಸಿರು ಹಿಡಿದುಕೊಂಡೇ ಇರುತ್ತೇನೆ.

ನನ್ನ ಹೆಸರು ಶಹರಬಾನು ಮೀರಾಸಾಬ. ಮೀರಾಸಾಬ ನನ್ನ ತಂದೆ. ಹೆಸರು ಕೊರೆಯುವ ಉಳಿ, ಸುತ್ತಿಗೆ, ಈ ಅಂಗಡಿ ಎಲ್ಲ ಅವರಿಂದ ಬಂದದ್ದು. ಗಂಡ ಬುಡನಸಾಬ ನದಾಫ, ಹತ್ತಿ ಹಿಂಜಿ ಗಾದಿ ಮಾಡುವವರು. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಅವರು ಹತ್ತಿ ಹಿಂಜುವ ಬಿಲ್ಲಿನ ಸಪ್ಪಳ, ಮುಂದೆ ನನ್ನ ಸುತ್ತಿಗೆಯ ಸಪ್ಪಳ. ಮದುವೆಯಾದ ಮೇಲೆ ಗಂಡನ ಅಡ್ಡಹೆಸರು ನನ್ನ ಹೆಸರಿಗೆ ಸೇರಲಿಲ್ಲ. ನಮ್ಮೂರಿನಲ್ಲಿ ಯಾವ ಹೆಂಗಸಿಗೂ ಸೇರುವುದಿಲ್ಲ. ಒಮ್ಮೆ ಪರಊರಿಂದ ಬಂದ ಸೊಸೆಯೊಬ್ಬಳು ಹಟ ಹಿಡಿದು ಗಂಡನ ಅಡ್ಡಹೆಸರು ಕೊರೆಸಿಕೊಂಡಿದ್ದಳು. ನೀರು ಅದನ್ನು ಒಯ್ದಾಗ ಅತ್ತುಬಿಟ್ಟಳು. ಆಮೇಲೆ ಹಿಟ್ಟು ನಾದುವ ಪರಾತಕ್ಕೆ ತೀರಿಕೊಂಡ ತಂದೆಯ ಹೆಸರು ಹಾಕಿಸಿಕೊಂಡಳು. ಈಗ ರೊಟ್ಟಿ ಬಡಿಯುವಾಗ ಆ ಪರಾತದ ಕಡೆ ನೋಡಿ, "ನಮ್ಮಪ್ಪ ಇಲ್ಲೇ ಕುಂತಾನ" ಅನ್ನುತ್ತಾಳೆ.

ಇಂಥವಕ್ಕೆ ನಮ್ಮ ಜನ ಹೊಂದಿಕೊಂಡುಬಿಟ್ಟಿದ್ದಾರೆ. ಅತ್ತರು ಮಾರುವವನೊಬ್ಬ ಹೊಸದಾಗಿ ಬಂದು ನೆಲೆಸಿದಾಗ ತನ್ನ ಹೆಸರಿನ ಮುಂದೆ ಸೈಯದ್ ಅಂತ, ಪ್ರವಾದಿಯ ವಂಶದವನ ಹಾಗೆ, ಸೇರಿಸಿ ಹಂಡೆಗೆ ಹಾಕಿಸಿದ. ನೀರು ಆ ಒಂದೇ ಮಾತನ್ನು ತೊಳೆದು, ಉಳಿದದ್ದನ್ನು ಬಿಟ್ಟಿತು. ಅವನು ಹಂಡೆಯನ್ನು ಬಹಳ ಹೊತ್ತು ನೋಡಿ, "ಬಾಕಿದು ಚಂದ ಕುಂತೈತಿ ಬಿಡ್ರಿ" ಅಂದ. ಅವತ್ತಿನಿಂದ ಅವನ ಮೇಲೆ ಊರಿಗೆ ಪ್ರೀತಿ ಹುಟ್ಟಿತು. ಇನ್ನೊಬ್ಬನ ತಾಯಿ, ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದರೆಂದು, ಇವನಾದರೂ ಉಳಿಯಲಿ ಅಂತ ಘೂಡುಸಾಬ, ಅಂದರೆ ತಿಪ್ಪೆಯವನು, ಅಂತ ಹೆಸರಿಟ್ಟಿದ್ದಳು. ಅವನು ದೊಡ್ಡವನಾದ ಮೇಲೆ ಹೆದರುತ್ತ ಬಂದು ತಯ್ಯಬ, ಅಂದರೆ ಒಳ್ಳೆಯವನು, ಅಂತ ಕೊರೆಸಿದ. ನೀರು ಹೆಸರಿನ ಮೇಲೆ ಹರಿದು ಹೋಯಿತು. ತಯ್ಯಬ ಹಾಗೇ ಉಳಿದ, ಅವನ ಹಿಂದೆ ಅವನ ತಂದೆಯೂ ಹಾಗೇ ಉಳಿದ. ಖಾಜಿ ಸಾಹೇಬರು ಕೇಳಿ ನಕ್ಕರು. "ಕೆಟ್ಟ ಹೆಸರು ಬದಲ ಮಾಡೋದು ಒಳ್ಳೇದ ಐತಿ. ತನ್ನ ಹೆಸರು ಮನುಷ್ಯಾ ಬದಲ ಮಾಡಬಹುದು, ತನ್ನ ತಂದೀನ್ನ ಹೆಂಗ ಬದಲ ಮಾಡ್ತಾನ?" ಅಂದರು.

ನಮಗೆ ಮಕ್ಕಳಾಗಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ, ಜೋಳದ ಸುಗ್ಗಿಯ ದಿನಗಳಲ್ಲಿ, ಚಾಕು ಕತ್ತರಿ ಸಾಣೆ ಹಿಡಿಯುವ ಸಿಕ್ಕಲಗಾರನೊಬ್ಬ ತುಂಬು ಬಸುರಿ ಹೆಂಡತಿಯನ್ನು ಕರೆದುಕೊಂಡು ಬಂದು ಮುಸಾಫಿರಖಾನೆಯಲ್ಲಿ ಇಳಿದ. ಎರಡು ದಿನಕ್ಕೆ ಹೆರಿಗೆಯಾಯಿತು. ಮರುದಿನ ಬೆಳಿಗ್ಗೆ ತಾಯಿ ಹೋದಳು. ಮಯ್ಯತ್ತಿಗೆ ಸ್ನಾನ ಮಾಡಿಸಲು ನನ್ನನ್ನು ಕರೆದರು. ದಫನ್ ಮುಗಿಸಿ ಬಂದ ಆ ಮನುಷ್ಯ ಗೋಡೆಗೆ ಒರಗಿ, ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಬಿಸಿ ಪಾತ್ರೆ ಹಿಡಿದವನ ಹಾಗೆ, ಇಡಲೂ ಆಗದೆ ಹಿಡಿಯಲೂ ಬಾರದೆ.

"ಯಕ್ಕಾ, ನನ್ನ ಹೆಸರು ಡೋಂಗ್ರಿಸಾಬ ಸಿಕ್ಕಲಗಾರ" ಅಂದ. "ನಮ್ಮವ್ವ ದೂರ ಅದಾಳ. ಅಕೀನ್ನ ಕರಕೊಂಡು ಬರ್ತೀನಿ. ಎಂಟ ದಿನ ಇದನ್ನ ನೋಡ್ಕೋತೀರೇನು?"

ನಾನು ಸೆರಗು ಚಾಚಿದೆ. ಅವನು ಕೂಸನ್ನು ಅದರೊಳಗೆ ಇಟ್ಟು ಹೋದ. ಊರಲ್ಲಿ ಎಲ್ಲರೂ ಅವನನ್ನು ಸಾಣೆಯವನು ಅಂತಷ್ಟೇ ಕರೆದಿದ್ದರು, ಹೆಸರು ಕೇಳಿಸಿಕೊಂಡವಳು ನಾನೊಬ್ಬಳೇ.

ಮನೆಗೆ ಬಂದಾಗ ಗಂಡ ಕೇಳಿದರು: "ತಂದಿ ಹೆಸರೇನು?" ಕೂಸು ನನ್ನ ಕಿರುಬೆರಳು ಹಿಡಿದುಕೊಂಡಿತ್ತು. "ಆ ಗದ್ದಲದಾಗ ಕೇಳೋದು ಮರತೆ" ಅಂದೆ. ಅದು ಮೊದಲನೆಯ ಸುಳ್ಳು. ಯಾಕೆ ಹೇಳಿದೆ ಅಂತ ಆಗ ನನಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು.

ಎಂಟು ದಿನವಾಯಿತು, ಎರಡು ತಿಂಗಳಾಯಿತು. ಯಾರೂ ಬರಲಿಲ್ಲ. ಏಳನೆಯ ದಿನವೇ ನಾನು ಸಫೂರಾ ಅಂತ ಹೆಸರಿಟ್ಟಿದ್ದೆ. ಆಗ ತಾನೇ ಹೆತ್ತಿದ್ದ ನನ್ನ ನಾದಿನಿ ಚಾಂದಬಿ ತನ್ನ ಮಗನ ಜೊತೆ ಇವಳಿಗೂ ಹಾಲೂಡಿಸಿದಳು. ಖಾಜಿ ಸಾಹೇಬರು ಬಂದು ನೋಡಿ, "ಬುಡನಸಾಬ, ನಿನ್ನ ತಂಗೀ ಹಾಲು ಕುಡದದ್ದಕ್ಕ ಈ ಕೂಸಿಗೆ ನೀ ಸೋದರಮಾವ ಆದಿ. ಸಾಕು, ಜೀವಕ್ಕ ಜೀವ ಕೊಟ್ಟು ಸಾಕು, ಅದಕ್ಕ ದೊಡ್ಡ ಪುಣ್ಯ ಐತಿ. ಆದ್ರ ಹೆಸರು ಮಾತ್ರ ಅದರ ತಂದೀದ ಇರಲಿ" ಅಂದರು.

ಬುಡನಸಾಬರಿಗೆ ಮನಸ್ಸು ತಡೆಯಲಿಲ್ಲ. ಕೂಸಿಗೆ ಹಾಲು ಕುಡಿಸುವ ಒಂದು ಪುಟ್ಟ ವಾಟಿ ತಂದು, "ಒಮ್ಮೆ ಹಾಕಿ ನೋಡು" ಅಂದರು. ಸಫೂರಾ ಬುಡನಸಾಬ ನದಾಫ ಅಂತ ಕೊರೆದೆ. ನೀರು ಕೊಟ್ಟಾಗ ಸಫೂರಾ ಉಳಿದಳು. ಉಳಿದ ಎರಡು ಮಾತು ಹೋದವು. ಅವರು ವಾಟಿಯನ್ನು ಒರೆಸಿ, ಕೂಸಿನ ಪಕ್ಕ ಇಟ್ಟು, ಹೋಗಿ ಬಿಲ್ಲು ಹಿಡಿದರು. ಮುಂದೆ ಶಾಲೆಗೆ ಹಚ್ಚುವಾಗ ಮಾಸ್ತರರು, "ಕಾಗದಕ್ಕ ಯಾರು ನೀರ ಹಾಕ್ತಾರ, ನಿಮ್ಮ ಹೆಸರ ಬರಸ್ರಿ" ಅಂದರಂತೆ. ಇವರು ಒಪ್ಪಲಿಲ್ಲ. ಸಾಕಿದವರು ಬುಡನಸಾಬ ಅಂತ ಬರೆಸಿ ಬಂದರು. ಅಂಥ ಮನುಷ್ಯನಿಂದ ನಾನು ಮುಚ್ಚಿಟ್ಟಿದ್ದೆ.

ಸಫೂರಾಗೆ ಮೂರು ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಅವನು ಬಂದ. ಗಂಡ ಸಂತೆಗೆ ಹೋಗಿದ್ದರು. ಅಂಗಡಿ ಮುಂದೆ ಸಾಣೆಚಕ್ರ ಇಳಿಸಿ, ರುಮಾಲು ತೆಗೆದು ನಿಂತ. ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು.

"ಯಕ್ಕಾ, ಗುರುತ ಸಿಕ್ತೇನು? ನಾ ಹೋಗೂದ್ರಾಗ ನಮ್ಮವ್ವಗ ಲಕ್ವಾ ಹೊಡದಿತ್ತು. ನೋಡಾಕ ಮತ್ತ್ಯಾರೂ ಇರಲಿಲ್ಲ. ಹೋಗಿಬರೋರ ಕೈಲೆ ಹೇಳಿ ಕಳಿಸಿದ್ದೆ, ಮುಟ್ಟಿತೋ ಇಲ್ಲೋ. ಹೋದ ತಿಂಗಳ ಅಕಿ ತೀರಕೊಂಡ್ಳು." ಆಮೇಲೆ ಕೇಳಿದ: "ನನ್ನ ಕೂಸು ಹೆಂಗೈತಿ?"

ಕೂಸು ಒಳಗೆ ಪರದೆಯ ಆಚೆ ಹೊಸ ಗಾದಿಯ ಮೇಲೆ ಮಲಗಿತ್ತು. "ಉಳೀಲಿಲ್ಲಪಾ" ಅಂದೆ. ಅಷ್ಟು ಸಲೀಸಾಗಿ ಬಂತು ಮಾತು.

ಅವನು ಕಟ್ಟೆಯ ಮೇಲೆ ಕೂತ. "ಹೆಸರೇನರ ಇಟ್ಟಿದ್ರೇನು?" ಅಂದ. ಹೇಳಿದೆ. ತನ್ನ ಜೋಳಿಗೆಯಿಂದ ನೀರು ಕುಡಿಯುವ ತಾಮ್ರದ ಲೋಟ ತೆಗೆದು ಮುಂದಿಟ್ಟ. "ಇದರ ಮ್ಯಾಲ ಅಕೀ ಹೆಸರು ಹಾಕಿಕೊಡ್ರಿ. ಹಿಂದ ನನ್ನ ಹೆಸರೂ ಇರಲಿ. ದುವಾ ಮಾಡುವಾಗ ಹೆಸರು ಹಿಡದು ಮಾಡಬೇಕಲ್ಲ."

ಉಳಿ ತೆಗೆದುಕೊಂಡೆ. ಸಫೂರಾ ಡೋಂಗ್ರಿಸಾಬ ಸಿಕ್ಕಲಗಾರ ಎಂದು ಕೊರೆದೆ. ಸಾಲು ಓರೆಯಾಯಿತು. ನೀರನ್ನು ಅವನೇ ಮೊಗೆದು ಸುರಿದ. ನಾನು ಆವತ್ತಿನವರೆಗೆ ಸಾವಿರ ಹೆಸರು ನೀರಿಗೆ ನಿಂತದ್ದನ್ನು ಕಂಡಿದ್ದೆ, ಆದರೆ ಅದರಂಥದ್ದನ್ನು ಕಂಡಿರಲಿಲ್ಲ. ನೀರು ಇಳಿದ ಮೇಲೆ ಅಕ್ಷರಗಳು ಆಗಷ್ಟೇ ಕಣ್ಣು ಬಿಟ್ಟವುಗಳ ಹಾಗೆ ಹೊಳೆದವು. ನನ್ನ ಬಾಯಿ ಹುಟ್ಟಿಸಿದ ಸುಳ್ಳಿನ ಎದುರಿಗೆ, ಒಂದು ಹಿಡಿ ತಾಮ್ರ ಖರೆ ಹೇಳುತ್ತ ಕೂತಿತ್ತು. ಸತ್ತವರ ಹೆಸರೂ ನಿಲ್ಲುತ್ತದೆ, ಹಾಗಾಗಿ ಅವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು.

ಆಗಲೇ ಒಳಗೆ ಸಫೂರಾ ನಿದ್ದೆಯಲ್ಲಿ ಕೆಮ್ಮಿದಳು. ಅವನು ತಲೆ ಎತ್ತಿದ. "ನಮ್ಮ ನಾದಿನಿ ಕೂಸು" ಅಂದೆ. "ಅಲ್ಲಾ ಅದಕ್ಕ ಆಯುಷ್ಯ ಕೊಡಲಿ" ಅಂದು, ಲೋಟವನ್ನು ಎದೆಗೆ ಒತ್ತಿಕೊಂಡು, ಚಕ್ರ ಹೊತ್ತು ಹೊರಟುಹೋದ.

ಸಫೂರಾ ಬೆಳೆದಳು. ನನ್ನ ಪಕ್ಕ ಕೂತು ಉಳಿ ಹಿಡಿಯುವುದು ಕಲಿತಳು. ಹದಿನೈದು ತುಂಬುವಷ್ಟರಲ್ಲಿ ಅವಳ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಾದವು. ಊರ ಮಕ್ಕಳ ತಾಟು ವಾಟಿಗಳಲ್ಲಿ ಎರಡು ಮೂರು ಮಾತಿನ ಹೆಸರು, ಅವಳದರಲ್ಲಿ ಒಂದೇ ಮಾತು. ಹತ್ತು ವರ್ಷದವಳಿದ್ದಾಗ ಒಮ್ಮೆ ಕೇಳಿದಳು: "ಅವ್ವಾ, ನನ್ನ ಹೆಸರಿನ ಹಿಂದಿಂದು ಯಾರ ಕಡೆ ಐತಿ?" ನಾನು ಬೆಂಕಿ ಊದುತ್ತಿದ್ದೆ, ಹೊಗೆ ಬಂತೆಂದು ಕಣ್ಣು ಒರೆಸಿಕೊಂಡೆ. ಆಮೇಲೆ ಅವಳು ಕೇಳಲಿಲ್ಲ. ಆದರೆ ಬೇರೆಯವರ ಪಾತ್ರೆಗೆ ನೀರು ಕೊಡುವಾಗ ಅವಳು ನೋಡುವ ರೀತಿ ನನಗೆ ಗೊತ್ತಿತ್ತು. ಪೂರ್ತಿ ಹೆಸರು ನಿಂತಾಗ ಅವಳ ತುಟಿ ಅದನ್ನು ಒಮ್ಮೆ ಮೆಲ್ಲಗೆ ಓದಿಕೊಳ್ಳುತ್ತಿತ್ತು.

ಹೋದ ವರ್ಷ ಬಳೆಗಾರರ ಮನೆಯ ಇಲಿಯಾಸ ಅವಳನ್ನು ಮದುವೆಗೆ ಕೇಳಿದ. ಅವನ ತಾಯಿ ಜೈತೂನಬಿ ಬಂದು ನಮ್ಮ ಮನೆಯ ಚಾಪೆಯ ಮೇಲೆ ಕೂತು, "ಹುಡುಗಿ ಗುಣಾ ಇಡೀ ಓಣಿಗೆ ಗೊತ್ತೈತಿ. ಪಾತ್ರೆ ಮ್ಯಾಲ ಒಂದ ಹೆಸರಿದ್ರೂ ನನಗ ಸಾಕು" ಅಂದಳು. ಸಫೂರಾ ಒಳಗಿನಿಂದ ಚಹ ತರುತ್ತಿದ್ದವಳು ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಆ ಮಾತಿನಲ್ಲಿ ಪ್ರೀತಿ ಇತ್ತು. ಆದರೂ ಅದು ಅವಳನ್ನು ಚುಚ್ಚಿತೆಂದು ನನಗೆ ಕಂಡಿತು.

ನಮ್ಮಲ್ಲಿ ನಿಕಾಹಕ್ಕೆ ಮೊದಲು ಹುಡುಗಿಯ ಪಾತ್ರೆಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟು ಎರಡೂ ಮನೆಯವರ ಎದುರಿಗೆ ನೀರು ಕೊಡುವ ದಿನ ಅಂತ ಇರುತ್ತದೆ. ಅದಕ್ಕೆ ಹದಿನೈದು ದಿನ ಇರುವಾಗ ಬುಡನಸಾಬರು ಹೆಗಲ ಮೇಲೆ ದೊಡ್ಡ ಹಿತ್ತಾಳೆಯ ಪರಾತ ಹೊತ್ತು ತಂದರು. ಗಡ್ಡದ ತುಂಬ ಹತ್ತಿಯ ಎಳೆ ಅಂಟಿತ್ತು.

"ಇನ್ನೊಮ್ಮೆ ಹಾಕಿ ನೋಡು."

"ಗೊತ್ತಿದ್ದದ್ದ ಐತಲ್ಲರಿ" ಅಂದೆ.

"ಗೊತ್ತೈತಿ. ಆದ್ರ ಆಗ ಅಕಿ ಕೂಸು, ನಾ ಏನೂ ಮಾಡಿರಲಿಲ್ಲ. ಈಗ ಇಪ್ಪತ್ತೊಂದ ವರ್ಷ ಆತು. ಜ್ವರಾ ಬಂದಾಗ ಹೆಗಲ ಮ್ಯಾಲ ಹಾಕ್ಕೊಂಡು ತಿರಗ್ಯಾಡೀನಿ. ಅದೇನರ ಲೆಕ್ಕಕ್ಕ ಬಂದಿರಬಹುದು."

ನಾನು ಕೊರೆದೆ. ನನ್ನ ಜೀವಮಾನದಲ್ಲಿ ಅಷ್ಟು ಆಳಕ್ಕೆ ಯಾರ ಹೆಸರನ್ನೂ ಕೊರೆದಿಲ್ಲ. ಉಳಿ ಎರಡು ಸಲ ಪರಾತವನ್ನು ತೂತು ಮಾಡುವುದರಲ್ಲಿತ್ತು. ಅವರೇ ನೀರು ಸುರಿದರು. ಮೊದಲು ನದಾಫ ಹೋಯಿತು. ಬುಡನಸಾಬ ಅನ್ನುವುದು ಸ್ವಲ್ಪ ಹೊತ್ತು ತಡೆಯಿತೋ, ನನ್ನ ಕಣ್ಣಿಗೆ ಹಾಗೆ ಕಂಡಿತೋ, ಆಮೇಲೆ ಅದೂ ಹೋಯಿತು. ಅವರು ನುಣ್ಣಗಾದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇರಲಿ. ನೀರಿನ ನ್ಯಾಯ ನನ್ನ ಪ್ರೀತಿಕ್ಕಿಂತ ದೊಡ್ಡದೈತಿ ಅಂದಂಗಾತು" ಅಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ದೊಡ್ಡ ಗುಡ್ಡದ ಬುಡಕ್ಕೆ ನಿಂತು ಮೇಲೆ ನೋಡುವವನ ದನಿ ಅದು. ಸಫೂರಾ ಹಿಂದೆ ನಿಂತಿದ್ದಳು. ಬಂದು ಅವರ ಗಡ್ಡದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆದಳು.

ಮರುದಿನ ನಿಕಾಹದ ಮಾತಿಗೆ ಖಾಜಿ ಸಾಹೇಬರ ಮನೆಗೆ ಹೋದೆ. ಅವರಿಗೆ ಎಂಬತ್ತು ದಾಟಿದೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.

"ಹುಡುಗಿಗೆ ವಲಿ ಯಾರು, ಅದನ್ನ ಮೊದಲ ಹೇಳು ಶಹರಬಾನು. ಕೊಡೋ ಹಕ್ಕು ತಂದೀದು. ತಂದಿ ಇಲ್ಲಂದ್ರ ಅವನ ಕಡೆ ಗಂಡಸರು. ಯಾರೂ ಇಲ್ಲಂದ್ರ ನಾ ನಿಲ್ತೀನಿ, ಅದಕ್ಕೇನೂ ಅಡ್ಡಿ ಇಲ್ಲ."

"ತಂದಿ ಯಾರಂತ ಗೊತ್ತಿಲ್ಲದವರಿಗೆ ಏನು ಹುಕುಂ ಐತ್ರಿ, ಸಾಹೇಬ್ರ?"

"ಸಾಕಿದ ಮಕ್ಕಳನ್ನ ಹೆತ್ತವನ ಹೆಸರು ಹಿಡದ ಕರೀಬೇಕು, ದೇವರ ಮುಂದ ಅದ ಹೆಚ್ಚಿನ ನ್ಯಾಯ. ಗೊತ್ತ ಇಲ್ಲಂದ್ರ, ಅವರು ನಮ್ಮ ದೀನು ಧರ್ಮದ ಅಣ್ಣ ತಮ್ಮ, ಅಕ್ಕ ತಂಗಿ. ಗೊತ್ತಿಲ್ಲದೆ ತಪ್ಪಿದ್ರ ಪಾಪ ಇಲ್ಲ." ಅವರು ಒಂದು ಕಾಯಿ ಒಡೆದು ಕಾಳನ್ನು ನನ್ನ ಅಂಗೈಗೆ ಹಾಕಿದರು. "ಗೊತ್ತಿದ್ದು ಮುಚ್ಚಿಟ್ಟವರದು ಬ್ಯಾರೆ ಮಾತು."

ಅವರಿಗೆ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ. ಬುಡನಸಾಬರು ಹತ್ತಿ ಹಿಂಜುತ್ತಿದ್ದರು, ಸಫೂರಾ ದಿಂಬಿನ ಬಾಯಿ ಹೊಲಿಯುತ್ತಿದ್ದಳು. ಇಬ್ಬರ ನಡುವೆ ಕೂತು ಎಲ್ಲ ಹೇಳಿದೆ. ಮುಸಾಫಿರಖಾನೆ, ಹೆಸರು, ಆ ಮಧ್ಯಾಹ್ನ, ಉಳೀಲಿಲ್ಲ ಅಂದ ಮಾತು, ಲೋಟ, ಕೆಮ್ಮು. ಯಾವುದನ್ನೂ ಬಿಡಲಿಲ್ಲ. ಗಾಳಿಯಲ್ಲಿ ಹತ್ತಿ ತೇಲುತ್ತಿತ್ತು. ಅದು ಮೆಲ್ಲಗೆ ನೆಲಕ್ಕೆ ಇಳಿದು ಕೂತಿತು.

"ಅಂವ ಬಂದಾಗ ನಾ ಎಲ್ಲಿದ್ದೆ?" ಗಂಡ ಕೇಳಿದರು.

"ಸಂತಿಗೆ ಹೋಗಿದ್ರಿ."

"ನಾ ಇದ್ದಿದ್ರ..." ಅಂದು ನಿಲ್ಲಿಸಿದರು. ಆಮೇಲೆ ಹೇಳಿದರು: "ನಾ ಇದ್ದಿದ್ರ ನಾನೂ ಅದನ್ನ ಹೇಳ್ತಿದ್ನೋ ಏನೋ. ಅಲ್ಲಾ ನನ್ನ ಆ ಹೊತ್ತಿಗೆ ದೂರ ಇಟ್ಟಾನ."

ಸಫೂರಾ ನನ್ನ ಕಡೆ ನೋಡಲಿಲ್ಲ. ಎದ್ದು ಅಂಗಡಿಗೆ ಹೋದಳು. ಉಳಿಯ ಸಪ್ಪಳ ಕೇಳಿತು. ನಾವಿಬ್ಬರೂ ಹೋಗಿ ನೋಡಿದಾಗ ಆ ಪರಾತವನ್ನು ಮಡಿಲಲ್ಲಿ ಇಟ್ಟುಕೊಂಡು ಕೊರೆಯುತ್ತಿದ್ದಳು, ಒಂದೊಂದೇ ಚುಕ್ಕಿ, ಅವಸರವಿಲ್ಲದೆ. ಮುಗಿದ ಮೇಲೆ ಚರಿಗೆ ತುಂಬ ನೀರು ಮೊಗೆದು ಸುರಿದಳು. ಸಾಲದೆಂದು ಮತ್ತೊಂದು ಸುರಿದಳು. ನೀರು ಕಟ್ಟೆ ಇಳಿದು ಬೀದಿಗೆ ಹರಿಯಿತು. ಸಫೂರಾ ಡೋಂಗ್ರಿಸಾಬ ಸಿಕ್ಕಲಗಾರ. ಮೂರೂ ಮಾತು ನಿಂತಿದ್ದವು, ಬಿಸಿಲಿಗೆ ಹೊಳೆಯುತ್ತ. ಹಾದಿಯಲ್ಲಿ ಹೋಗುತ್ತಿದ್ದವರು ನಿಂತರು. ಅತ್ತರಿನವನು ತನ್ನ ಅಂಗಡಿಯಿಂದ ಇಳಿದು ಬಂದು ಟೋಪಿ ಸರಿ ಮಾಡಿಕೊಂಡ. ಅವಳು ಹೆಸರಿನ ಮೇಲೆ ಬೆರಳು ಆಡಿಸುತ್ತ, ತೊದಲು ಓದುವ ಮಕ್ಕಳ ಹಾಗೆ, ಒಂದೊಂದು ಅಕ್ಷರ ಮುಟ್ಟಿ ಓದಿದಳು. ಅಲ್ಲಿ ನಿಂತಿದ್ದವಳು ನನ್ನ ಸಫೂರಾಳೇ, ಆದರೆ ಅವಳ ಹಿಂದೆ ನಾನು ಕಾಣದ ಅಜ್ಜಿ, ಮುತ್ತಜ್ಜ, ಎಷ್ಟೋ ಊರುಗಳ ಹಾದಿ ತುಳಿದ ಜನ ಸಾಲಾಗಿ ಬಂದು ನಿಂತಂತೆ ಅನ್ನಿಸಿತು. ಅಷ್ಟೆಲ್ಲ ಜನರನ್ನು ನಾನೊಬ್ಬಳು ಬಾಗಿಲ ಹೊರಗೆ ನಿಲ್ಲಿಸಿದ್ದೆ.

ಮರುದಿನ ಬೆಳಿಗ್ಗೆ ಬುಡನಸಾಬರು ರುಮಾಲು ಸುತ್ತಿಕೊಂಡರು. "ನಾ ಹುಡುಕಿ ಬರ್ತೀನಿ" ಅಂದರು.

"ಎಲ್ಲಿ ಅಂತ ಹುಡುಕ್ತೀರಿ? ಬದುಕ್ಯಾನೋ ಇಲ್ಲೋ."

"ಸಾಣೆ ಹಿಡಿಯೋರು ಎಲ್ಲಿದ್ರೂ ಚಕ್ರದ ಸಪ್ಪಳ ಕೇಳ್ತೈತಿ."

ಅವರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಸಫೂರಾ ರೊಟ್ಟಿ ಬಡಿದಳು, ನೀರು ತಂದಳು, ನನ್ನ ತಾಟಿಗೆ ಬಡಿಸಿದಳು. ಮಾತು ಮಾತ್ರ ಆಡಲಿಲ್ಲ. ಮೂರನೆಯ ದಿನ ತಡೆಯಲಾರದೆ, "ಬೈಯರ ಬೈಯಿ" ಅಂದೆ. ಅವಳು ಹಿಟ್ಟಿನ ಕೈ ನಿಲ್ಲಿಸಿ, "ಏನಂತ ಬೈಲಿ? ನನಗ ಸಿಟ್ಟ ಬರಾಕ ಹತ್ತಿದ್ರ ನಿಮ್ಮ ಮ್ಯಾಲಿನ ಪ್ರೀತಿನೂ ಕೂಡೇ ಬರ್ತೈತಿ. ಎರಡೂ ಒಮ್ಮೆ ಬಂದ್ರ ಬಾಯಿ ಕಟ್ತೈತಿ" ಅಂದಳು. ಮತ್ತೆ ರೊಟ್ಟಿಗೆ ತಿರುಗಿದಳು.

ಒಂಬತ್ತನೆಯ ದಿನ ಸಂಜೆಗೆ ಮುಂಚಿನ ಅಸರ್ ನಮಾಜಿನ ಹೊತ್ತಿಗೆ ಬೀದಿಯ ತುದಿಯಲ್ಲಿ ಇಬ್ಬರು ಕಂಡರು. ಒಬ್ಬರು ಬುಡನಸಾಬ. ಅವರ ಹೆಗಲ ಮೇಲೆ ಸಾಣೆಚಕ್ರ ಇತ್ತು. ಪಕ್ಕದಲ್ಲಿ ಬರಿಗೈಯಲ್ಲಿ, ಕೋಲೂರುತ್ತ, ಬಿಳಿಗಡ್ಡದ ಡೋಂಗ್ರಿಸಾಬ ನಡೆದು ಬರುತ್ತಿದ್ದ. ಅವನ ಭಾರ ಇವರು ಹೊತ್ತು ತಂದಿದ್ದರು.

ಕಟ್ಟೆಯ ಹತ್ತಿರ ಬಂದು ಅವನು ನಿಂತ. ಸಫೂರಾ ಅಂಗಡಿಯೊಳಗೆ ಉಳಿ ಹಿಡಿದು ಕೂತಿದ್ದವಳು ಎದ್ದಳು. ಅವನು ಅವಳನ್ನು ಮುಖದಿಂದ ಪಾದದವರೆಗೆ, ಪಾದದಿಂದ ಮುಖದವರೆಗೆ ನೋಡಿದ. "ನಿಮ್ಮವ್ವಂದು ಹಣಿ" ಅಂದ. ಅಷ್ಟೇ ಅಂದದ್ದು. ಕಟ್ಟೆಯ ಮೇಲೆ ಕೂತುಬಿಟ್ಟ. ಸಫೂರಾ ಹರವಿಯಿಂದ ನೀರು ಮೊಗೆದು ತಂದು ಕೊಟ್ಟಳು. ಅವನು ಕುಡಿಯಲಿಲ್ಲ, ಚರಿಗೆ ಹಿಡಿದ ಅವಳ ಕೈಯನ್ನೇ ನೋಡುತ್ತಿದ್ದ. "ಹದಿನೆಂಟ ವರ್ಷ ಸತ್ತವಳಂತ ದುವಾ ಮಾಡೀನಿ ನಿನಗ. ಅವೆಲ್ಲಾ ಎಲ್ಲಿ ಹೋದವೋ" ಅಂದ.

"ನನಗ ಮುಟ್ಯಾವ" ಅಂದಳು ಸಫೂರಾ. "ನಾ ಇಲ್ಲಿ ಚಲೋ ಇದ್ದೆ."

ನಾನು ಮುಂದೆ ಹೋದೆ. "ಅಣ್ಣಾ, ನಾ ನಿನಗ ಮಾಡಿದ್ದು..." ಅನ್ನುವಷ್ಟರಲ್ಲಿ ಅವನು ಕೈ ಎತ್ತಿದ.

"ಮಾಫಿ ಕೇಳಬ್ಯಾಡ್ರಿ ಯಕ್ಕಾ. ಇವತ್ತ ಕೊಡಾಕ ನನ್ನ ಹತ್ರ ಇಲ್ಲ. ಹುಟ್ಟಿದ್ರ ನಾನ ಬಂದು ಕೊಡ್ತೀನಿ." ಕೋಲು ಪಕ್ಕಕ್ಕಿಟ್ಟು, "ಆದ್ರ ನನ್ನ ಮಗಳ ಕೈ ನೋಡಿದೆ. ಕೆಲಸಾ ಕಲಿಸೀರಿ. ಮೈಮ್ಯಾಲೆ ಒಂದು ಗಾಯ ಇಲ್ಲ. ಅದನ್ನೂ ನೋಡೀನಿ" ಅಂದ.

ನೀರು ಕೊಡುವ ದಿನ ಅಂಗಳ ತುಂಬಿತ್ತು. ಪರಾತ, ಕೊಡ, ತಾಟು, ಚರಿಗೆ, ಒಟ್ಟು ಇಪ್ಪತ್ತೊಂದು ಪಾತ್ರೆ, ಎಲ್ಲದರ ಮೇಲೆ ಪೂರ್ತಿ ಹೆಸರು. ಡೋಂಗ್ರಿಸಾಬ ಒಂದೊಂದಕ್ಕೂ ತಾನೇ ನೀರು ಸುರಿದ. ಒಂದಾದ ಮೇಲೊಂದು ಹೆಸರು ನಿಲ್ಲುತ್ತ ಹೋಯಿತು. ಇದು ದಿನಾ ನೋಡುವ ಸಂಗತಿಯೇ ಆದರೂ ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಜೈತೂನಬಿ ನನ್ನ ಪಕ್ಕದಲ್ಲಿ ನಿಂತು, "ಒಂದ ಹೆಸರು ಸಾಕಂದಿದ್ದೆ. ಸಾಕಾಗಿರಲಿಲ್ಲ ನೋಡು" ಅಂದಳು.

ನಾಲ್ಕು ದಿನ ಬಿಟ್ಟು ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ನಿಕಾಹ. ಗಂಡಸರು ಹೊರಗೆ ಚಪ್ಪರದಲ್ಲಿ, ನಾವು ಒಳಗೆ. ಕಿಟಕಿಯ ಪರದೆ ಸರಿಸಿದರೆ ಎಲ್ಲ ಕಾಣುತ್ತಿತ್ತು. ಬುಡನಸಾಬರು ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಿದ್ದರು. ಬೆಳಗಿನಿಂದ ಗಾದಿ ಹಾಸಿ, ಪರದೆ ಕಟ್ಟಿ, ನೀರು ತುಂಬಿ, ಇನ್ನು ತಮ್ಮ ಕೆಲಸ ಮುಗಿಯಿತು ಅನ್ನುವ ಹಾಗೆ.

ಖಾಜಿ ಸಾಹೇಬರು ಕೇಳಿದರು: "ಡೋಂಗ್ರಿಸಾಬ, ಹುಡುಗಿ ತಂದಿ ನೀವು. ಹಕ್ಕು ನಿಮ್ಮದು. ನಡಸೋಣೇನು?"

ಡೋಂಗ್ರಿಸಾಬ ಕೋಲೂರಿ ಎದ್ದು ನಿಂತ. "ಸಾಹೇಬ್ರ, ಒಂದ ಮಾತು ಕೇಳ್ತೀನಿ. ತಂದಿ ತನ್ನ ಹಕ್ಕನ್ನ ಇನ್ನೊಬ್ಬರ ಕೈಗೆ ಕೊಡಬಹುದೇನು? ತನ್ನ ಬದ್ಲಿ ನಿಂತು ಕೊಡ್ರಿ ಅಂತ?"

"ಕೊಡಬಹುದು. ವಕೀಲನ್ನ ನೇಮಸಬಹುದು. ಅದಕ್ಕ ದೀನಿನಾಗ ಜಾಗ ಐತಿ."

"ಹಂಗಾರ ನನ್ನ ವಕೀಲರು ಬುಡನಸಾಬ ನದಾಫ." ಅವನು ತಿರುಗಿ ಹಿಂದಿನ ಸಾಲಿನವರೆಗೆ ಕಣ್ಣು ಹಾಯಿಸಿದ. "ನನ್ನ ಹೆಸರು ನನಗ ಸಿಕ್ಕೈತಿ. ಅದರಾಗ ಪಾಲು ಕೊಡಾಕ ಬರಾಂಗಿಲ್ಲ, ಅದು ನನ್ನ ಕೈಯಾಗಿಲ್ಲ. ಆದ್ರ ಮಗಳನ್ನ ಕೈ ಎತ್ತಿ ಕೊಡೋದು ನನ್ನ ಕೈಯಾಗೈತಿ. ಬೆಳಸಿದವರು ಕೊಡಲಿ."

ಬುಡನಸಾಬರು ಕೂತಲ್ಲಿಂದ ಏಳಲಿಲ್ಲ. ಅತ್ತರಿನವನು, ತಯ್ಯಬ ಇಬ್ಬರೂ ಕೈ ಹಿಡಿದು ಎಬ್ಬಿಸಿದರು. ಅವರಿಬ್ಬರೇ ಸಾಕ್ಷಿಗಳಾಗಿ ಅವರ ಹಿಂದೆ ಬಂದರು. ನಮ್ಮ ಕೋಣೆಯ ಬಾಗಿಲ ಪರದೆಯ ಆಚೆ ಮೂರು ಜೊತೆ ಪಾದ ಕಂಡವು. ಸಫೂರಾ ನನ್ನ ಪಕ್ಕದಲ್ಲಿ ಕೆಂಪು ದುಪಟ್ಟಾ ಹೊದ್ದು, ತಲೆ ತಗ್ಗಿಸಿ ಕೂತಿದ್ದಳು.

ಸಫೂರಾಳ ಪೂರ್ತಿ ಹೆಸರನ್ನು ಬುಡನಸಾಬರು ಎಂದೂ ಬಾಯಿಬಿಟ್ಟು ಅಂದದ್ದನ್ನು ನಾನು ಕೇಳಿರಲಿಲ್ಲ. ತಡವರಿಸುತ್ತಾರೆ ಅಂದುಕೊಂಡೆ. ತಡವರಿಸಲಿಲ್ಲ.

"ಡೋಂಗ್ರಿಸಾಬ ಸಿಕ್ಕಲಗಾರರ ಮಗಳು ಸಫೂರಾ" ಅಂದರು ಬುಡನಸಾಬ, ಇಡೀ ಮನೆಗೆ ಕೇಳುವ ಹಾಗೆ, ತುಂಬು ದನಿಯಲ್ಲಿ. "ನಿಮ್ಮ ತಂದಿಯವರ ವಕೀಲನಾಗಿ ಕೇಳಾಕತ್ತೀನಿ. ಬಳೆಗಾರರ ಇಲಿಯಾಸನ ಜೋಡಿ ನಿಮ್ಮ ನಿಕಾಹ ಮಾಡಿಸಾಕ ನಿಮ್ಮ ಒಪ್ಪಿಗಿ ಐತೇನು?"

ಹುಟ್ಟಿದಾಗಿನಿಂದ ಅವಳಿಗೆ ಏಕವಚನದಲ್ಲಿ ಮಾತಾಡಿದ್ದವರು ಅವತ್ತು ನಿಮ್ಮ ಅಂದರು. ಸಫೂರಾಳ ಭುಜ ಕುಲುಕಿತು. ಎರಡನೆಯ ಸಲ ಕೇಳಿದರು, ಅದೇ ಹೆಸರು, ಅದೇ ದನಿ. ಮೂರನೆಯ ಸಲ ಕೇಳಿದಾಗ ಅವಳು ದುಪಟ್ಟಾದೊಳಗಿನಿಂದ, "ಐತಿ ಅಪ್ಪಾ" ಅಂದಳು.

ಪರದೆಯ ಆಚೆಯ ಪಾದಗಳು ಬಹಳ ಹೊತ್ತು ಅಲ್ಲೇ ನಿಂತಿದ್ದವು. ಅವು ಚಪ್ಪರದ ಕಡೆ ತಿರುಗಿ ನಡೆದಾಗ ನೋಡಿಕೊಂಡೆ, ಸಫೂರಾಳ ಕೈ ನನ್ನ ಕೈಯೊಳಗೆ ಇತ್ತು. ಯಾವಾಗ ಬಂದು ಸೇರಿತ್ತೋ ನನಗೆ ತಿಳಿದಿರಲಿಲ್ಲ. ನಾನು ಅಲುಗಾಡದೆ ಕೂತೆ.